ಡೊರಿಕಾ ಪುಟಗಳ ಕುಣಿತ ನಿಲ್ಲಿಸಿದ್ದು

ಸಲೀಮಾ ಪೇಟೆಯಲ್ಲಿ ಡೊರಿಕಾಳ ಕೊಡೆ ಎಲ್ಲಿದೆ ಎಂದು ಯಾರನ್ನಾದರೂ ಕೇಳಿ ನೋಡಿ. ದಾರಿ ಹೇಳಿ ಸುಮ್ಮನಾಗುವುದಿಲ್ಲ, ಜೊತೆಗೇ ಬಂದುಬಿಡುತ್ತಾರೆ. ಅವರಿಗೂ ಅಲ್ಲಿ ಏನಾದರೊಂದು ಕೆಲಸ ಇದ್ದೇ ಇರುತ್ತದೆ. ಇಲ್ಲದಿದ್ದರೆ ಕೂತು ನಾಲ್ಕು ಮಾತಾಡುವ ಚಪಲವಾದರೂ ಇರುತ್ತದೆ. ಟೊಮೆಟೊ ಸಾಲು ಮುಗಿದು ಮೀನಿನ ಸಾಲು ಶುರುವಾಗುವ ಕಡೆ, ಹಿಟ್ಟಿನ ಗಿರಣಿಯ ಗೋಡೆಗೆ ಒತ್ತಿಕೊಂಡು, ಬಣ್ಣ ಮಾಸಿದ ಒಂದು ದೊಡ್ಡ ಕೊಡೆ. ಅದರ ಕೆಳಗೆ ಮೇಜು, ಮೇಜಿನ ಮೇಲೆ ಕಾರಿನ ಬ್ಯಾಟರಿ, ಬ್ಯಾಟರಿಯಿಂದ ಹೊರಟ ವೈರುಗಳ ತುದಿಯಲ್ಲಿ ಊರವರ ಫೋನುಗಳು. ಮೇಜಿನ ಹಿಂದೆ ಡೊರಿಕಾ, ಸೊಂಟಕ್ಕೆ ಸುತ್ತಿದ ಚಿತೆಂಜೆ ಬಟ್ಟೆಯ ಗಂಟಿನಲ್ಲಿ ಸಣ್ಣದೊಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು.

ನಲವತ್ತು ದಾಟಿದ ಹೆಂಗಸು. ಗಂಡ ವೈಸನ್ ಜೋಹಾನ್ಸ್‌ಬರ್ಗ್‌ಗೆ ದುಡಿಯಲು ಹೋದವನು, ಇನ್ನೂ ದುಡಿಯುತ್ತಲೇ ಇದ್ದಾನೆ. ನೆನಪಾದಾಗ ಹಣ ಕಳಿಸುತ್ತಾನೆ, ಕೈ ಖಾಲಿಯಾದಾಗ ಮಾತು ರೆಕಾರ್ಡ್ ಮಾಡಿ ಕಳಿಸುತ್ತಾನೆ. ಹಣ ಬಾರದ ತಿಂಗಳು ಮಾತು ಉದ್ದವಾಗಿರುತ್ತದೆ ಎಂದು ಡೊರಿಕಾಳೇ ಹೇಳಿ ನಗುತ್ತಾಳೆ. ಮೊದಲು ರೀಚಾರ್ಜ್ ಚೀಟಿ ಮಾರುತ್ತಿದ್ದಳು. ಆಮೇಲೆ ಬ್ಯಾಟರಿ ತಂದಳು, ಚಾರ್ಜ್ ಮಾಡಿಕೊಟ್ಟಳು. ಫೋನು ರಿಪೇರಿಯನ್ನು ಯಾರೂ ಅವಳಿಗೆ ಕಲಿಸಲಿಲ್ಲ. ಮುಚ್ಚಿದ ವಸ್ತು ಕಂಡರೆ ಬಿಚ್ಚದೆ ಇರಲಾರದ ಜಾತಿ ಅವಳದು. ಚಿಕ್ಕವಳಿದ್ದಾಗ ಅಮ್ಮನ ರೇಡಿಯೋ ಬಿಚ್ಚಿದ್ದಳಂತೆ. ಆ ರೇಡಿಯೋ ಮತ್ತೆ ಬಾಯಿಬಿಡಲಿಲ್ಲ, ಅಮ್ಮ ಮಾತ್ರ ವರ್ಷಗಟ್ಟಲೆ ಬಾಯಿ ಮುಚ್ಚಲಿಲ್ಲ.

ಅವಳಿಗೆ ಪ್ರಪಂಚದಲ್ಲಿ ಎಲ್ಲಕ್ಕಿಂತ ಇಷ್ಟ ಹಾಡು. ದೇವರ ತಮಾಷೆ ನೋಡಿ, ಅವಳಿಗೆ ಬಾರದೇ ಇರುವುದೂ ಅದೊಂದೇ. ಟೊಮೆಟೊ ಸಾಲಿನ ಹೆಂಗಸರಿಗೆ ಒಂದು ಮೇಳವಿದೆ. ವ್ಯಾಪಾರ ಮುಗಿದ ಮೇಲೆ ಗಿರಣಿಯ ಹಿಂದೆ ನಿಂತು ಹಾಡುತ್ತಾರೆ. ಮೇಳದ ಯಜಮಾನಿ ನಾಜೆರೆ. ಅಲ್ಲಿ ಹೆಂಗಸರನ್ನು ತವರಿನ ಕುಲದ ಹೆಸರಿಂದ ಕರೆಯುವುದು ಮರ್ಯಾದೆ, ಹಾಗಾಗಿ ಅವಳ ಸ್ವಂತ ಹೆಸರು ಅವಳಿಗೇ ಮರೆತುಹೋಗಿದ್ದರೂ ಆಶ್ಚರ್ಯವಿಲ್ಲ. ಆಳೂ ದೊಡ್ಡದು, ಧ್ವನಿಯೂ ದೊಡ್ಡದು. ಡೊರಿಕಾ ಮೇಳಕ್ಕೆ ಸೇರಿದ ಹೊಸದರಲ್ಲಿ ಎಲ್ಲರೂ ಒಂದು ದಾರಿಯಲ್ಲಿ ಹಾಡಿದರೆ ಇವಳು ತನ್ನದೇ ದಾರಿ ಹಿಡಿಯುತ್ತಿದ್ದಳು. ನಾಜೆರೆ ಸಹಿಸಿ ಸಹಿಸಿ ಕೊನೆಗೆ, ನೀನು ಚಪ್ಪಾಳೆ ತಟ್ಟು ಸಾಕು ಎಂದಳು. ಚಪ್ಪಾಳೆಯೂ ತಾಳ ತಪ್ಪಿತು. ಆಗ, ನಮ್ಮ ಚೀಲ ನೋಡಿಕೊ ತಾಯಿ ಎಂದು ಕೈಮುಗಿದಳು. ಆ ದಿನ ಡೊರಿಕಾ ಮನೆಗೆ ಹೋಗಿ ಚೆನ್ನಾಗಿ ಅತ್ತಳು. ಮುಂದಿನ ಸಲ ಬಂದು ಚೀಲಗಳ ಪಕ್ಕ ಕೂತಳು. ಸಿಟ್ಟು ಮಾಡಿಕೊಂಡರೆ ಹಾಡು ಕೇಳಲು ಸಿಗುವುದಿಲ್ಲವಲ್ಲ.

ಆ ಹಾಡುಗಳಲ್ಲಿ ಒಂದನ್ನು ನಾಜೆರೆಯೇ ಕಟ್ಟಿದ್ದು. ಬೆಳಗಾಗುವ ಮೊದಲೇ ಬುಟ್ಟಿ ಹೊತ್ತು ಹೊರಟವಳು ಸಂಜೆಯೊಳಗೆ ಎಲ್ಲಾ ಮಾರಿ, ಮನೆಗೆ ಬಂದಾಗ ಸಾರಿಗೆ ಒಂದು ಟೊಮೆಟೊ ಉಳಿಸಿಕೊಳ್ಳಲು ಮರೆತದ್ದು ನೆನಪಾಗಿ ನಗುವ ಹಾಡು. ವರ್ಷಗಳಿಂದ ಒಂದೊಂದೇ ಸಾಲು ಸೇರಿಸಿ ಕಟ್ಟಿದ್ದು. ಅದನ್ನು ಕೇಳಿದಾಗಲೆಲ್ಲ ಡೊರಿಕಾಗೆ ನಗುವೂ ಬರುತ್ತಿತ್ತು, ಕಣ್ಣೂ ತುಂಬುತ್ತಿತ್ತು.

ಇರಲಿ, ಕುಣಿತದ ಕಥೆಗೆ ಬರೋಣ. ಒಂದು ಬೇಸಿಗೆಯಲ್ಲಿ ಡೇಟಾ ರೇಟು ಏರಿತು. ಸೋಮವಾರ ಹಾಕಿಸಿದ್ದು ವಾರದ ನಡುವೆಯೇ ಖಾಲಿ. ಪೇಟೆಯಲ್ಲೆಲ್ಲ ಅದೇ ಗೋಳು. ಡೊರಿಕಾ ಸುಮ್ಮನಿರುವವಳೇ? ತನ್ನ ಫೋನಿನ ಬ್ರೌಸರ್ ತೆರೆದು, ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್ ಒಳಗೆ ಇಳಿದಳು. ಒಂದೊಂದೇ ಬಾಗಿಲು ತಟ್ಟುತ್ತ ಹೋದಾಗ ಜಾವಾಸ್ಕ್ರಿಪ್ಟ್ ಎಂಬ ಉದ್ದನೆಯ ಹೆಸರು ಸಿಕ್ಕಿತು. ಏನೆಂದು ಅವಳಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಆಫ್ ಮಾಡಿ ನೋಡುವುದು ಅವಳ ಪದ್ಧತಿ. ಆಫ್ ಮಾಡಿದಳು. ಮರುಕ್ಷಣ ಸುದ್ದಿಯ ಪುಟ ಒಗೆದು ಒಣಗಿಸಿದ ಬಟ್ಟೆಯ ಹಾಗೆ ಬಂತು. ಮೇಲಿಂದ ಹಾರಿ ಬರುವ ಸಾಬೂನಿನ ಜಾಹೀರಾತಿಲ್ಲ, ಕೆಳಗಿನಿಂದ ಎದ್ದು ನಿಲ್ಲುವ ಸಾಲದ ಕಂಪನಿಯಿಲ್ಲ, ಬರೀ ಅಕ್ಷರ. ಆ ವಾರ ಅವಳ ಡೇಟಾ ಶನಿವಾರದವರೆಗೂ ಬಂತು. ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ.

ಮೊದಲು ಓಡಿಹೋಗಿ ಹೇಳಿದ್ದು ನಾಜೆರೆಗೆ. ನಾಜೆರೆಗೆ ಅರ್ಥವಾಗುವ ಹಾಗೆ ಹೇಳಬೇಕಲ್ಲ.

"ಪೇಜಿನೊಳಗೆ ಕುಣಿಯೋರು ಇರ್ತಾರೆ ನಾಜೆರೆ. ಪೇಜ್ ತೆಗೆದ ತಕ್ಷಣ ಕರೀದೆ ಬಂದು ಕುಣೀತಾರೆ, ಒಬ್ಬೊಬ್ಬನೂ ನಿಮ್ಮ ಡೇಟಾನೇ ತಿನ್ನೋದು. ನಾನು ಅವರನ್ನೆಲ್ಲ ಮನೆಗೆ ಕಳಿಸಿಬಿಟ್ಟೆ."

"ನನ್ನ ದುಡ್ಡಲ್ಲಿ ಉಂಡು ನನಗೇ ಅಡ್ಡ ನಿಲ್ತಾರಾ? ಓಡಿಸು ನನ್ನ ಫೋನಿಂದಾನೂ," ಎಂದು ನಾಜೆರೆ ಫೋನು ಕೊಟ್ಟಳು.

ಅಲ್ಲಿಂದ ಶುರುವಾಯಿತು ನೋಡಿ. ಟೊಮೆಟೊ ಸಾಲು ಮುಗಿಯಿತು, ಸೊಪ್ಪಿನವರು ಬಂದರು, ಮೀನಿನ ಸಾಲಿನವರು ಬಂದರು, ಪಾದ್ರಿ ಬಂದರು, ಸೂಲಗಿತ್ತಿ ಬಂದಳು. ಕುಣಿತ ನಿಲ್ಲಿಸಿಕೊಂಡು ಬರ್ತೀನಿ ಎಂದು ಹೇಳಿ ಹೊರಟರೆ ಡೊರಿಕಾಳ ಕೊಡೆಗೆ ಹೋದರು ಎಂದೇ ಅರ್ಥ. ಅವಳು ಇದಕ್ಕೆ ಕಾಸು ಕೇಳಲಿಲ್ಲ. ಟೊಮೆಟೊದವರು ಒಂದು ಬೊಗಸೆ ಟೊಮೆಟೊ, ಮೀನಿನವರು ಒಣಗಿಸಿದ ಉಸಿಪಾ ಮೀನು ಕೊಟ್ಟು ಹೋಗುತ್ತಿದ್ದರು. ಆ ಬೇಸಿಗೆಯಲ್ಲಿ ಅವಳ ಮನೆಯ ಸಾರು ಊರಿಗೆಲ್ಲ ಘಮಘಮ. ಆಗಾಗ ಯಾರಾದರೂ ಬಂದು, ಈ ಪೇಜು ಬರೀ ಬಿಳಿ ಕಾಣ್ತದಲ್ಲ, ಈ ಗುಂಡಿ ಒತ್ತಿದರೆ ಏನೂ ಆಗಲ್ವಲ್ಲ ಎಂದು ದೂರುತ್ತಿದ್ದರು. ಡೊರಿಕಾ ಆಕಾಶ ನೋಡಿ, ಇವತ್ತು ನೆಟ್‌ವರ್ಕ್ ಸರಿ ಇಲ್ಲ ಎನ್ನುತ್ತಿದ್ದಳು. ಸಲೀಮಾದಲ್ಲಿ ಆ ಮಾತಿಗೆ ಎದುರು ಮಾತಿಲ್ಲ. ಅವಳೂ ಅದನ್ನು ಪೂರಾ ನಂಬಿಯೇ ಹೇಳುತ್ತಿದ್ದಳು, ಪಾಪ.

ಹೀಗಿರುವಾಗ ರಾಜಧಾನಿ ಲಿಲಾಂಗ್ವೆಯ ಒಂದು ರೇಡಿಯೋದವರು ಪೇಟೆ ಹೆಂಗಸರ ಮೇಳಗಳಿಗೆ ಸ್ಪರ್ಧೆ ಇಟ್ಟರು. ಫೋನಿನಲ್ಲಿ ಹಾಡು ಹಿಡಿದು ಕಳಿಸಬೇಕು. ಅವರ ಪುಟದಲ್ಲಿ ಎಲ್ಲ ಮೇಳಗಳ ಚಿತ್ರ ಹಾಕುತ್ತಾರೆ, ಚಿತ್ರದ ಕೆಳಗಿನ ಗುಂಡಿ ಒತ್ತಿ ಜನ ಮತ ಹಾಕಬೇಕು. ಒಂದು ಫೋನಿಗೆ ಒಂದೇ ಮತ. ಭಾನುವಾರ ಶುರು, ಶನಿವಾರ ಸಂಜೆ ಆರಕ್ಕೆ ಮುಕ್ತಾಯ. ಗೆದ್ದ ಮೇಳವನ್ನು ಲಾರಿ ಕಳಿಸಿ ಕರೆಸಿಕೊಂಡು, ಸ್ಟುಡಿಯೋದಲ್ಲಿ ಹಾಡಿಸಿ, ಆ ಹಾಡನ್ನು ಭಾನುವಾರ ಬೆಳಿಗ್ಗೆ ಇಡೀ ದೇಶಕ್ಕೆ ಕೇಳಿಸುತ್ತಾರೆ.

ಈ ಸುದ್ದಿ ಕೇಳಿದ ದಿನ ನಾಜೆರೆ ಊಟ ಮಾಡಲಿಲ್ಲ. ಗಿರಣಿಯ ಹಿಂದೆ ಹುಟ್ಟಿದ ತನ್ನ ಹಾಡು ಗಿರಣಿಯ ಹಿಂದೆಯೇ ಉಳಿದುಹೋಗುತ್ತದೆ ಎಂದುಕೊಂಡಿದ್ದವಳು. ಡೊರಿಕಾ ಹಾಡನ್ನು ರೆಕಾರ್ಡ್ ಮಾಡಿದಳು, ಅವಳೇ ಕಳಿಸಿದಳು. ಮೀನಿನ ಸಾಲಿನವರೂ ತಮ್ಮ ಮೇಳದ ಹಾಡು ಕಳಿಸಿದರು. ಅವರ ಯಜಮಾನಿ ಮಾಯಿ ಚಿಮೊಂಬೊ, ಮಾಯಿ ಎಂದರೆ ಅಲ್ಲಿ ಅಮ್ಮ, ಒಣಕಲು ಹೆಂಗಸು, ಮಾತು ಮಾತ್ರ ಮೆಣಸಿನಕಾಯಿ. ಯಾವುದೋ ಮದುವೆಗೆ ಅವಳು ಕೊಟ್ಟ ಡೋಲು ಹರಿದು ವಾಪಸಾದ ವಿಷಯಕ್ಕೆ ಅವಳಿಗೂ ನಾಜೆರೆಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಎರಡು ಸಾಲುಗಳ ನಡುವಿನ ಓಣಿಯನ್ನು ಇಬ್ಬರೂ ದಾಟುತ್ತಿರಲಿಲ್ಲ.

ಭಾನುವಾರ ಚರ್ಚು ಬಿಟ್ಟದ್ದೇ ತಡ, ಟೊಮೆಟೊ ಸಾಲೆಲ್ಲ ಫೋನು ಹಿಡಿದು ನಿಂತಿತು. ಚಿತ್ರ ಬಂತು, ಗುಂಡಿ ಬಂತು, ಒತ್ತಿದರು. ನಾಜೆರೆ ಕಣ್ಣು ಮುಚ್ಚಿ, ಪ್ರಾರ್ಥನೆ ಮಾಡಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು. ಒತ್ತಿದ ಮೇಲೆ ಏನಾಗಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಏನೂ ಆಗದಿದ್ದರೂ ಯಾರಿಗೂ ಸಂಶಯ ಬರಲಿಲ್ಲ. ಮತ ಹಾಕಿದೆವು ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಸೋಮವಾರ ಸಂಜೆ ರೇಡಿಯೋದವನು ಎಲ್ಲ ಮೇಳಗಳ ಸ್ಥಾನ ಓದಿದ. ಟೊಮೆಟೊ ಸಾಲು ಕಟ್ಟಕಡೆ. ಅದರ ಮೇಲೆ ಮೀನಿನ ಸಾಲು. ಮಂಗಳವಾರವೂ ಅದೇ, ಬುಧವಾರವೂ ಅದೇ. ನಾಜೆರೆಗೆ ತಲೆ ಕೆಟ್ಟುಹೋಯಿತು. ಇಡೀ ಸಾಲು ಒತ್ತಿದೆ, ಹಾಗಾದರೆ ಮತ ಎಲ್ಲಿ ಹೋಯಿತು? ಯಾರೋ ಬಾಯಲ್ಲಿ ಒಂದು ಹೇಳಿ ಬೆರಳಲ್ಲಿ ಇನ್ನೊಂದು ಮಾಡಿದ್ದಾರೆ. ಅನುಮಾನ ಮೊದಲು ಟ್ರೀಝಾಳ ಮೇಲೆ ಬಿತ್ತು, ಯಾಕೆಂದರೆ ಅವಳ ನಾದಿನಿ ಮೀನಿನ ಸಾಲಿನವಳು. ಟ್ರೀಝಾ ಮಗುವಿನ ತಲೆ ಮುಟ್ಟಿ ಆಣೆ ಮಾಡಿ ಅತ್ತಳು. ಅತ್ತದ್ದು ನೋಡಿ ಇನ್ನಿಬ್ಬರಿಗೆ ಸಿಟ್ಟು ಬಂತು, ಇವತ್ತು ಅವಳು, ನಾಳೆ ನಾವು ಎಂದರು. ಶುಕ್ರವಾರ ಗಿರಣಿಯ ಹಿಂದೆ ಎಲ್ಲರೂ ಬಂದರು, ಆದರೆ ಯಾರೂ ಯಾರ ಪಕ್ಕವೂ ನಿಲ್ಲಲಿಲ್ಲ. ಹಾಡು ಎತ್ತಿದರೆ ಮೇಲೇಳಲಿಲ್ಲ. ಡೊರಿಕಾ ಚೀಲಗಳ ಪಕ್ಕ ಕೂತು ನೋಡುತ್ತಿದ್ದಳು. ಸ್ಪರ್ಧೆ ಹಾಳಾಗಿ ಹೋಗಲಿ, ಮೇಳವೇ ಒಡೆದುಹೋದರೆ ಗತಿಯೇನು ಎಂದು ಯೋಚಿಸುತ್ತ, ಎಣಿಸಿದ ಚೀಲಗಳನ್ನೇ ಮತ್ತೆ ಎಣಿಸಿದಳು.

ಶನಿವಾರ ಬೆಳಿಗ್ಗೆ ಲೇಸನ್ ಬಂದ. ಸೈಕಲ್ ಟ್ಯಾಕ್ಸಿ ಓಡಿಸುವವನು, ಮೂರು ಮಕ್ಕಳ ತಂದೆ, ಮಾತಿನ ಮಲ್ಲ. ಅಣ್ಣ ಜೋಹಾನ್ಸ್‌ಬರ್ಗ್‌ನಿಂದ ಹೊಸ ಫೋನು ಕಳಿಸಿದ್ದಾನೆ, ಅದನ್ನು ನಾಲ್ಕು ಜನಕ್ಕೆ ತೋರಿಸದೆ ಚಾರ್ಜಿಗೆ ಇಡುವುದುಂಟೇ? ಡೊರಿಕಾಳ ಎದುರಿಗೇ ರೇಡಿಯೋ ಪುಟ ತೆರೆದು, ಮೀನಿನ ಸಾಲಿನ ಚಿತ್ರದ ಕೆಳಗೆ ಒತ್ತಿದ. ಉಸಿಪಾ ಪುಕ್ಕಟೆ ಸಿಗೋದು ಅಲ್ಲೇ ಅಲ್ವಾ ಅಕ್ಕ ಎಂದು ಕಣ್ಣು ಹೊಡೆದ. ಒತ್ತಿದ್ದೇ ತಡ, ಪರದೆಯ ಮೇಲೆ ಹಸಿರು ಪಟ್ಟಿಯೊಂದು ಬಿಚ್ಚಿಕೊಂಡಿತು. ಝಿಕೋಮೊ, ಅಂದರೆ ಧನ್ಯವಾದ, ನಿಮ್ಮ ಮತ ಸೇರಿದೆ ಎಂದು ಬರೆದಿತ್ತು. ಕೆಳಗೆ ಅಂಕಿ ಒಂದು ಏರಿತು.

ಡೊರಿಕಾ ಆ ಹಸಿರು ಪಟ್ಟಿಯನ್ನು ತನ್ನ ಫೋನಿನಲ್ಲಿ ನೋಡಿರಲಿಲ್ಲ. ನಾಜೆರೆಯ ಫೋನಿನಲ್ಲಿ ನೋಡಿರಲಿಲ್ಲ. ಯಾರ ಫೋನಿನಲ್ಲೂ ನೋಡಿರಲಿಲ್ಲ.

"ಲೇಸನ್, ಈ ಫೋನಿಂದು ಕುಣಿತ ನಾನು ನಿಲ್ಸಿಲ್ಲ ಅಲ್ವಾ?"

"ನೆನ್ನೆ ತಾನೇ ಬಂದಿದ್ದು ಅಕ್ಕ. ನಿಲ್ಲಿಸ್ಲಿ ಅಂತಾನೇ ತಂದೆ."

ಡೊರಿಕಾ ಅವನ ಫೋನನ್ನು ಇನ್ನೊಮ್ಮೆ ನೋಡಿದಳು. ತನ್ನ ಫೋನು ತೆಗೆದಳು. ಮೂರು ಚುಕ್ಕಿ, ಸೆಟ್ಟಿಂಗ್ಸ್, ಆ ಉದ್ದನೆಯ ಹೆಸರು. ಆನ್ ಮಾಡಿ ಪುಟವನ್ನು ಮತ್ತೆ ತೆರೆದಳು. ಚಿತ್ರಗಳ ಕೆಳಗೆ ಇಷ್ಟು ದಿನ ಕಾಣದ ಅಂಕಿಗಳು ಮೂಡಿದವು, ಗುಂಡಿಗೆ ಬಣ್ಣ ಬಂತು. ಜಾಹೀರಾತು ಹೊತ್ತು ಕುಣಿಯುವವರ ಜೊತೆಗೆ ಮತ ಹೊತ್ತು ಓಡುವವನನ್ನೂ ತಾನೇ ಮನೆಗೆ ಕಳಿಸಿದ್ದಳು. ಇಡೀ ಪೇಟೆಯ ಫೋನುಗಳಲ್ಲಿ, ಒಂದೊಂದಾಗಿ, ತನ್ನದೇ ಕೈಯಿಂದ, ಅದೂ ಟೊಮೆಟೊ ಇಸಿದುಕೊಂಡು. ಟ್ರೀಝಾ ಅತ್ತದ್ದು ನೆನಪಾಗಿ ಅವಳಿಗೆ ನಾಚಿಕೆಯಿಂದ ಮುಖ ಸುಟ್ಟ ಹಾಗಾಯಿತು. ತನ್ನ ಮತ ಒತ್ತುವಷ್ಟು ವ್ಯವಧಾನವೂ ಇಲ್ಲದೆ, ಕೊಡೆಯನ್ನು ಲೇಸನ್‌ಗೆ ಒಪ್ಪಿಸಿ ಓಡಿದಳು.

ನಾಜೆರೆ ಟೊಮೆಟೊಗಳನ್ನು ಗುಡ್ಡೆ ಮಾಡಿಡುತ್ತಿದ್ದಳು. ಡೊರಿಕಾ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಯಾರೂ ಮೋಸ ಮಾಡಿಲ್ಲ, ಎಲ್ಲರೂ ಒತ್ತಿದ್ದು ನಿಮಗೇ, ಹೋಗದ ಹಾಗೆ ಮಾಡಿದವಳು ನಾನು ಎಂದಳು. ನಾಜೆರೆ ಕೈಯಲ್ಲಿದ್ದ ಟೊಮೆಟೊ ಕೆಳಗಿಟ್ಟಳು. ಸದ್ಯ, ಎಸೆಯಲಿಲ್ಲ.

"ವಾರ ಪೂರ್ತಿ ನಾನು ಸಾಲಿನವರ ಮೇಲೆಲ್ಲಾ ಅನುಮಾನ ಪಟ್ಟೆ. ನಿನ್ನ ಮೇಲೆ ಒಂದು ಬಿಟ್ಟು."

"ಬೈರಿ ನಾಜೆರೆ. ಬೈದುಬಿಡಿ."

"ಬೈಯೋಕೆ ನಾಳೆ ಇದೆ, ಮತಕ್ಕೆ ನಾಳೆ ಇಲ್ಲ. ಆನ್ ಮಾಡು."

ಆಮೇಲಿನದು ಒಂದು ಓಟ. ಡೊರಿಕಾ ಮುಂದೆ, ನಾಜೆರೆ ಹಿಂದೆ. ನಾಜೆರೆ ಮೊದಲು ನಿಂತದ್ದು ಟ್ರೀಝಾಳ ಮುಂದೆ. ಅವಳ ಚಿತೆಂಜೆಯ ತುದಿಯಿಂದಲೇ ಅವಳ ಮುಖ ಒರೆಸಿ, ಫೋನ್ ಕೊಡು ಮಗಳೇ ಎಂದಳು. ಅದಕ್ಕಿಂತ ದೊಡ್ಡ ಕ್ಷಮೆ ನಾಜೆರೆಯ ಬಾಯಿಂದ ಯಾರೂ ಕೇಳಿದ್ದಿಲ್ಲ. ಸುದ್ದಿ ಸಾಲಿನುದ್ದಕ್ಕೂ ಹರಡಿತು. ಮೊದಲ ಹಸಿರು ಪಟ್ಟಿ ಬಿಚ್ಚಿಕೊಂಡಾಗ ಹೆಂಗಸರು ಹೋ ಎಂದರು, ಅಂಕಿ ಏರಿದಾಗ ಕೈ ಕೈ ಹೊಡೆದುಕೊಂಡರು. ಡೊರಿಕಾಗೆ ಬಿದ್ದ ಬೈಗುಳಕ್ಕೂ ಕಡಿಮೆಯಿಲ್ಲ. ಕೊಟ್ಟ ಟೊಮೆಟೊ ವಾಪಸ್ ಮಾಡು ಎಂದಳು ಒಬ್ಬಳು. ಸಾರು ಕುಡಿದಾಗಿದೆ, ಬೇಕಾದರೆ ಹೊಟ್ಟೆ ಬಿಚ್ಚಿ ನೋಡು ಎಂದು ಡೊರಿಕಾ ಅವಳ ಫೋನನ್ನೂ ಸರಿ ಮಾಡಿದಳು. ಪಾದ್ರಿಗಳು ತಮ್ಮ ಮತ ಯಾರಿಗೆಂದು ದೇವರಿಗಷ್ಟೇ ಗೊತ್ತಿರಲಿ ಎಂದು ತಿರುಗಿ ನಿಂತು ಒತ್ತಿದರು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಕಟ್ಟಕಡೆ ಇದ್ದ ಮೇಳ ಒಂದೊಂದೇ ಮೆಟ್ಟಿಲು ಹತ್ತಿ ಎಲ್ಲರ ಮೇಲೆ ನಿಂತಿತ್ತು. ಟೊಮೆಟೊ ಸಾಲಿಗೆ ಅವತ್ತು ವ್ಯಾಪಾರದ ನೆನಪೇ ಇಲ್ಲ.

ಡೊರಿಕಾ ಓಣಿಯ ಹತ್ತಿರ ಬಂದು ನಿಂತಳು. ಆಚೆ ಮೀನಿನ ಸಾಲು. ಒಣಹಾಕಿದ ಉಸಿಪಾ ಬಿಸಿಲಿಗೆ ಹೊಳೆಯುತ್ತಿತ್ತು. ಅಲ್ಲಿನ ಹೆಂಗಸರೂ ಭಾನುವಾರ ಒತ್ತಿದವರೇ, ಅವರ ಮತಗಳೂ ಎಲ್ಲಿಗೂ ಹೋಗಿರಲಿಲ್ಲ. ಆ ಫೋನುಗಳ ಕುಣಿತ ನಿಲ್ಲಿಸಿದವಳೂ ಇವಳೇ. ಅವಳು ನಿಂತದ್ದು ನೋಡಿ ನಾಜೆರೆಗೆ ಅವಳ ಮನಸ್ಸಿನಲ್ಲಿರುವುದು ಗೊತ್ತಾಯಿತು.

"ಬೇಡ," ಎಂದಳು ನಾಜೆರೆ. "ನಾಳೆ ಹೇಳಿದ್ರಾಯ್ತು ಅವರಿಗೆ. ಹೋದದ್ದೇನಿದೆ?"

"ಅವರದ್ದೂ ನಾನೇ ಕೆಡಿಸಿದ್ದು, ನಾಜೆರೆ."

"ನನ್ನ ಹಾಡು ಕಣೇ ಅದು. ನಿನಗೆ ಗೊತ್ತಿಲ್ವಾ?"

ಡೊರಿಕಾಗೆ ಗೊತ್ತಿಲ್ಲದೆ ಏನು. ಆ ಹಾಡಿನ ಒಂದೊಂದು ಸಾಲೂ ಯಾವ ಮಳೆಗಾಲದಲ್ಲಿ ಸೇರಿತು ಎಂದು ಅವಳು ಹೇಳಬಲ್ಲಳು. ಕಣ್ಣಲ್ಲಿ ನೀರು ಬಂತು. ಸುಮ್ಮನೆ ವಾಪಸ್ ಬಂದು ಕೊಡೆಯ ಕೆಳಗೆ ಕೂತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ನಂಬಿ ಫೋನು ಕೊಟ್ಟವರ ಮುಖಗಳನ್ನು ಸೋಮವಾರ ಬೆಳಿಗ್ಗೆ ಹೇಗೆ ನೋಡುವುದು? ಅದು ಅವಳಿಂದ ಆಗದ ಕೆಲಸ. ಕಣ್ಣೊರೆಸಿಕೊಂಡು ಓಣಿ ದಾಟಿದಳು. ನಾಜೆರೆ ಈಚೆಗೇ ನಿಂತಳು, ಕೈಕಟ್ಟಿಕೊಂಡು.

ಮೀನಿನ ಸಾಲಿನಲ್ಲಿ ಅವಳನ್ನು ಹಾರ ಹಾಕಿ ಕರೆಯಲಿಲ್ಲ. ಮಾಯಿ ಚಿಮೊಂಬೊ ಎಲ್ಲವನ್ನೂ ಕೇಳಿ, ತನ್ನ ಫೋನನ್ನು ಇನ್ನೂ ಭದ್ರವಾಗಿ ರವಿಕೆಯೊಳಗೆ ತಳ್ಳಿಕೊಂಡಳು.

"ಮುಗಿಯೋ ಹೊತ್ತಿಗೆ ಸರಿಯಾಗಿ ಬಂದು ಫೋನ್ ಕೊಡಿ ಅಂತೀಯ. ನಿಮ್ಮ ಯಜಮಾನಿ ಅಲ್ಲಿ ನಿಂತು ಕಾವಲು ಕಾಯ್ತಿದಾಳೆ. ನಮ್ಮ ಮತ ಅಳಿಸೋಕೆ ತಾನೇ ಬಂದಿರೋದು?"

"ಅಳಿಸೋಕೆ ಮತ ಅನ್ನೋದು ಇದ್ರೆ ತಾನೇ ಮಾಯಿ?"

"ಹಾಗಿದ್ರೆ ಮೊದಲು ನಿನ್ನ ಫೋನಲ್ಲಿ ಮಾಡಿ ತೋರ್ಸು. ನಮ್ಮ ಹೆಸರಿಗೆ ಒತ್ತು, ನೋಡೋಣ."

ಡೊರಿಕಾ ತನ್ನ ಫೋನು ತೆಗೆದಳು. ಬೆಳಗಿನಿಂದ ಊರವರ ಫೋನು ಸರಿಮಾಡುವ ಗಡಿಬಿಡಿಯಲ್ಲಿ ತನ್ನ ಮತ ಹಾಕಿರಲೇ ಇಲ್ಲ. ಒಂದು ಫೋನಿಗೆ ಒಂದೇ. ಓಣಿಯ ಆಚೆ ನಾಜೆರೆ ನೋಡುತ್ತಿದ್ದಾಳೆ. ಬೇರೆ ಯಾರದಾದರೂ ಫೋನು ತರುತ್ತೇನೆ ಎಂದರೆ ಮಾಯಿ ನಂಬುವವಳಲ್ಲ, ಹೊತ್ತೂ ಇಲ್ಲ. ಡೊರಿಕಾ ಮೀನಿನ ಸಾಲಿನ ಚಿತ್ರದ ಕೆಳಗೆ ಒತ್ತಿದಳು. ಹಸಿರು ಪಟ್ಟಿ ಬಿಚ್ಚಿಕೊಂಡಿತು. ಎಲ್ಲರ ಕಣ್ಣೆದುರು ಅಂಕಿ ಒಂದು ಏರಿತು.

ಮಾಯಿ ಚಿಮೊಂಬೊ ಆ ಅಂಕಿ ನೋಡಿದಳು, ಡೊರಿಕಾಳ ಮುಖ ನೋಡಿದಳು, ಓಣಿಯಾಚೆ ನಿಂತವಳನ್ನೂ ನೋಡಿದಳು. ರವಿಕೆಯಿಂದ ಫೋನು ತೆಗೆದು ಡೊರಿಕಾಳ ಕೈಗೆ ಕೊಟ್ಟಳು. ಅವಳ ಹಿಂದೆಯೇ ಉಳಿದವರೂ ಕೊಟ್ಟರು. ಮೀನಿನ ವಾಸನೆಯ ಫೋನುಗಳು ಒಂದರ ಮೇಲೊಂದು ಬಂದು ಬಿದ್ದವು. ಡೊರಿಕಾಳ ಬೆರಳು ಓಡುತ್ತಿತ್ತು, ಸೂರ್ಯನೂ ಓಡುತ್ತಿದ್ದ. ಕೊನೆಯ ಫೋನಿನಲ್ಲಿ ಝಿಕೋಮೊ ಮೂಡಿದ ಸ್ವಲ್ಪ ಹೊತ್ತಿಗೆ ಪುಟವೇ ಮುಚ್ಚಿತು.

ಫಲಿತಾಂಶ ಕೇಳಲು ಎರಡೂ ಸಾಲು ಗಿರಣಿಯ ರೇಡಿಯೋದ ಮುಂದೆ ಸೇರಿದವು, ನಡುವೆ ಒಂದು ಓಣಿಯಷ್ಟು ಜಾಗ ಬಿಟ್ಟುಕೊಂಡು. ರೇಡಿಯೋದವನಿಗೂ ಅವತ್ತು ಉಬ್ಬಸ ಬಂದಿತ್ತು. ಒಂದೇ ಮಧ್ಯಾಹ್ನದಲ್ಲಿ ಸಲೀಮಾದಿಂದ ಮತಗಳ ಮಳೆ ಸುರಿದದ್ದನ್ನು ಕಂಡು ಬೆರಗಾಗಿದ್ದೇವೆ ಎಂದ. ಮೊದಲ ಎರಡೂ ಸ್ಥಾನ ಸಲೀಮಾ ಪೇಟೆಗೇ ಎಂದ. ಹೆಂಗಸರು ಕಿರುಚಿದರು. ಗೆದ್ದದ್ದು ಮೀನಿನ ಸಾಲು ಎಂದ. ಅಂತರ ಒಂದೇ ಒಂದು ಮತ ಎಂದ.

ಯಾರೂ ಹೇಳಬೇಕಾಗಿರಲಿಲ್ಲ, ಆ ಒಂದು ಮತ ಯಾರದೆಂದು ಎರಡೂ ಸಾಲಿಗೆ ಗೊತ್ತಿತ್ತು. ನಾಜೆರೆ ಹತ್ತಿರವಿದ್ದ ಮರದ ಪೆಟ್ಟಿಗೆಯ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಡೊರಿಕಾಗೆ ಅನಿಸಿತು. ಹತ್ತಿರ ಹೋಗಲೂ ಧೈರ್ಯವಿಲ್ಲದೆ, ಕೊಡೆಯ ಕಂಬ ಹಿಡಿದು ನಿಂತಳು.

ಅಷ್ಟರಲ್ಲಿ ರೇಡಿಯೋದವನು, ಗೆದ್ದ ಮೇಳದ ಯಜಮಾನಿ ಈಗಲೇ ಫೋನು ಮಾಡಿ ದೇಶಕ್ಕೆಲ್ಲ ಎರಡು ಮಾತು ಹೇಳಬೇಕು ಎಂದು ನಂಬರು ಕೊಟ್ಟ. ಮೀನಿನ ಸಾಲಿನ ಫೋನುಗಳಲ್ಲಿ ಮಾತಾಡುವಷ್ಟು ಕರೆನ್ಸಿ ಯಾರಲ್ಲೂ ಇರಲಿಲ್ಲ. ಮಾಯಿ ಚಿಮೊಂಬೊ ಎದ್ದಳು. ನಡುವಿನ ಜಾಗ ದಾಟಿ ನೆಟ್ಟಗೆ ಡೊರಿಕಾಳ ಕೊಡೆಗೆ ಬಂದು, ಹಾಕು ಫೋನು ಎಂದಳು. ಡೊರಿಕಾ ನಂಬರು ಒತ್ತಿದಳು. ಸ್ವಲ್ಪ ಹೊತ್ತಿಗೆ ಮಾಯಿಯ ಧ್ವನಿ ಫೋನಿನ ಬಾಯಲ್ಲೂ ಗಿರಣಿಯ ರೇಡಿಯೋದಲ್ಲೂ ಒಟ್ಟಿಗೆ ಕೇಳಿಸಿತು.

"ಗೆದ್ದಿದೀವಿ ಅಂತೀರಲ್ಲ ಸ್ವಾಮಿ, ಅದರಲ್ಲಿ ಒಂದು ಮತ ನಮ್ಮದಲ್ಲ. ಇಲ್ಲಿ ಒಬ್ಬಳು ಹುಚ್ಚಿ ಇದಾಳೆ. ನಮಗೆ ನಂಬಿಕೆ ಬರ್ಲಿ ಅಂತ ತನ್ನ ಮತ ನಮಗೆ ಹಾಕಿಬಿಟ್ಲು. ಅದನ್ನ ವಾಪಸ್ ತಗೊಳ್ಳಿ."

ಹಾಕಿದ ಮತ ಹಿಂದೆ ಪಡೆಯುವ ನಿಯಮವಿಲ್ಲ ತಾಯಿ ಎಂದು ಅವನು ತಡವರಿಸಿದ.

"ಹಾಗಾದ್ರೆ ನಿಮ್ಮ ಲಾರಿ ನೀವೇ ಇಟ್ಕೊಳ್ಳಿ. ಆ ಟೊಮೆಟೊದವರು ಬಂದ್ರೆ ನಾವು ಬರ್ತೀವಿ, ಇಲ್ಲಾಂದ್ರೆ ಇಲ್ಲ."

ರೇಡಿಯೋದವನು ಬೆಪ್ಪಾಗಿ ಒಂದು ಜಾಹೀರಾತು ಹಾಕಿದ. ಅದು ಮುಗಿಯುವಷ್ಟರಲ್ಲಿ ಎರಡೂ ಸಾಲಿನವರು ರೇಡಿಯೋದ ಹತ್ತಿರಕ್ಕೆ ಸರಿದಿದ್ದರು. ಮತ್ತೆ ಬಂದಾಗ ಅವನು ನಗುತ್ತಿದ್ದ. ಮೇಲಿನವರು ಒಪ್ಪಿದ್ದಾರೆ, ಎರಡೂ ಮೇಳ ಬರಲಿ, ಎರಡೂ ಹಾಡು ಕೇಳಿಸುತ್ತೇವೆ, ಆದರೆ ಲಾರಿ ಮಾತ್ರ ಒಂದೇ ಎಂದ.

ಗಿರಣಿಯ ತಗಡು ಹಾರಿಹೋಗುವಷ್ಟು ಗದ್ದಲವಾಯಿತು. ಟ್ರೀಝಾ ತನ್ನ ನಾದಿನಿಯನ್ನು ಎತ್ತಿ ತಿರುಗಿಸಿದಳು. ನಾಜೆರೆ ಪೆಟ್ಟಿಗೆಯಿಂದ ಎದ್ದು ಕೊಡೆಯ ಹತ್ತಿರ ಬಂದಳು. ಎಷ್ಟೋ ಕಾಲದ ಮೇಲೆ ಇಬ್ಬರು ಯಜಮಾನಿಯರು ಎದುರುಬದುರು ನಿಂತರು. ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡರು.

"ಆ ಹರಕು ಡೋಲು ಮಾತ್ರ ತರಬೇಡ," ಎಂದಳು ನಾಜೆರೆ.

"ಹರಿದಿದ್ದು ನೀನೇ. ಹೊಲಿಸಿದೀನಿ, ಅದನ್ನೇ ತರ್ತೀನಿ," ಎಂದಳು ಮಾಯಿ ಚಿಮೊಂಬೊ.

ಅಷ್ಟೇ, ಅವರಿಗೆ ಮಾತು ಬಂತು. ಆಮೇಲೆ ನಿಲ್ಲಲೂ ಇಲ್ಲ.

ಮುಂದಿನ ವಾರ ಪೇಟೆಯವರೆಲ್ಲ ಮತ್ತೆ ಡೊರಿಕಾಳ ಮುಂದೆ ಸಾಲುಗಟ್ಟಿದರು. ಕುಣಿಯುವವರು ವಾಪಸ್ ಬಂದು ಡೇಟಾ ನುಂಗುತ್ತಿದ್ದಾರೆ, ಓಡಿಸು ಮಾರಾಯ್ತಿ ಎಂದರು. ಡೊರಿಕಾ ಈ ಸಲ ಫೋನು ಕೈಗೆ ತೆಗೆದುಕೊಳ್ಳಲಿಲ್ಲ. ಒಬ್ಬೊಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಇಲ್ಲಿ ಆಫ್, ಇಲ್ಲಿ ಆನ್, ಗುಂಡಿ ಕೆಲಸ ಮಾಡದಿದ್ದರೆ ಆಕಾಶ ನೋಡಬೇಡಿ, ಮೊದಲು ಇಲ್ಲಿ ನೋಡಿ ಎಂದು ಅವರ ಬೆರಳು ಹಿಡಿದು ಕಲಿಸಿದಳು. ಪಾದ್ರಿಗಳಿಗೆ ಕಲಿಸುವಷ್ಟರಲ್ಲಿ ಅವಳ ಗಂಟಲು ಒಣಗಿತು. ನೆಟ್‌ವರ್ಕ್ ಸರಿ ಇಲ್ಲ ಎನ್ನುವ ಮಾತನ್ನು ಅವಳು ಆಮೇಲೆ ಬಾಯಿಗೆ ತಂದುಕೊಳ್ಳಲಿಲ್ಲ.

ಲಿಲಾಂಗ್ವೆಯ ಲಾರಿ ಬಂದ ಬೆಳಿಗ್ಗೆ ಎರಡೂ ಮೇಳದವರು ಹೊಸ ಚಿತೆಂಜೆ ಉಟ್ಟು ನಿಂತಿದ್ದರು. ಹಿಂದೆ ಹತ್ತುವವರು ಹತ್ತಿದರು, ಎಣ್ಣೆಯಲ್ಲಿ ಕರಿದ ಮಂದಾಸಿ ಬನ್ನು ತುಂಬಿದ ಬುಟ್ಟಿ ಹತ್ತಿತು, ಡೋಲೂ ಹತ್ತಿತು. ಜಗಳ ಹತ್ತಿದ್ದು ಡ್ರೈವರ್ ಪಕ್ಕದ ಸೀಟಿಗೆ. ಯಜಮಾನಿ ಕೂರುವ ಜಾಗ ಅದು, ಒಂದೇ ಇದ್ದದ್ದು. ಗೆದ್ದವಳು ನಾನು ಎಂದಳು ಮಾಯಿ. ಆ ಗೆಲುವು ಎಂಥದೆಂದು ರೇಡಿಯೋದಲ್ಲೇ ಹೇಳಿದ್ದೀಯಲ್ಲ ಎಂದಳು ನಾಜೆರೆ. ಇಬ್ಬರೂ ಬಾಗಿಲಿಗೆ ಕೈ ಹಾಕಿದರು, ಇಬ್ಬರೂ ಬಿಡಲೊಲ್ಲರು. ಡ್ರೈವರ್ ಇಂಜಿನ್ ಆಫ್ ಮಾಡಿ ಸಿಗರೇಟು ಹಚ್ಚಿದ.

ಡೊರಿಕಾ ಬೀಳ್ಕೊಡಲು ಬಂದವಳು, ಗುಂಪಿನ ಹಿಂದೆ ನಿಂತಿದ್ದಳು. ಮೇಳದವಳಲ್ಲವಲ್ಲ, ಲಾರಿಯಲ್ಲಿ ತನಗೆ ಜಾಗವಿದೆ ಎಂದು ಅವಳಿಗೆ ಅನಿಸಿಯೇ ಇರಲಿಲ್ಲ. ನಾಜೆರೆ ತಿರುಗಿ ನೋಡಿದಳು, ಮಾಯಿಯೂ ನೋಡಿದಳು.

"ಡೊರಿಕಾ, ಬಾ ಇಲ್ಲಿ. ಹತ್ತು ಮುಂದೆ."

"ನಾನಾ? ನಾನ್ಯಾಕೆ?"

"ಇವಳು ಕೂತ್ರೆ ನಾನು ಬರಲ್ಲ, ನಾನು ಕೂತ್ರೆ ಇವಳು ಬರಲ್ಲ," ಎಂದಳು ನಾಜೆರೆ. "ನೀನು ಕೂತ್ರೆ ಇಬ್ಬರೂ ಬರ್ತೀವಿ."

ಮಾಯಿ ಚಿಮೊಂಬೊ ಬಾಗಿಲು ತೆರೆದು ಹಿಡಿದಳು. ಡೊರಿಕಾ ಚಪ್ಪಲಿಯ ಧೂಳು ಕೊಡವಿ ಹತ್ತಿ ಕೂತಳು. ಇಬ್ಬರು ಯಜಮಾನಿಯರೂ ಹಿಂದೆ ಹೋಗಿ ಬುಟ್ಟಿಗಳ ನಡುವೆ ಒಬ್ಬರನ್ನೊಬ್ಬರು ಒತ್ತಿಕೊಂಡು ಕೂತರು. ಲಾರಿ ಹೊರಟಿತು. ಪೇಟೆ ದಾಟಿ ದೊಡ್ಡ ರಸ್ತೆ ಸೇರುವ ತನಕ ಡೊರಿಕಾ ಕಿಟಕಿಯಿಂದ ಕೈಬೀಸುತ್ತಲೇ ಇದ್ದಳು, ನೋಡುವವರಿದ್ದರೂ, ಇಲ್ಲದಿದ್ದರೂ.